ಅವರ ಬಾಯಿಂದಲೇ

ಆ ನಮೂನೆಯಲ್ಲಿ ವೈದ್ಯರು ತುಂಬಬೇಕಾದ ಜಾಗ ಎರಡೇ. ಹುಚ್ಚಿನ ಲಕ್ಷಣವೆಂದು ತಾನೇ ಕಣ್ಣಾರೆ ಕಂಡದ್ದನ್ನು ಮೊದಲನೆಯದರಲ್ಲಿ ಬರೆಯಬೇಕು, ಬೇರೆಯವರು ತನಗೆ ತಿಳಿಸಿದ್ದನ್ನು ಎರಡನೆಯದರಲ್ಲಿ. 1912ರ ಲ್ಯೂನಸಿ ಕಾಯ್ದೆಗೆ ಲಗತ್ತಿಸಿದ್ದ ವೈದ್ಯಕೀಯ ಪ್ರಮಾಣಪತ್ರ ಅದು. ಒಬ್ಬ ಮನುಷ್ಯನನ್ನು ಆಸ್ಪತ್ರೆಯ ಗೋಡೆಯೊಳಗೆ ಇಡಬೇಕೋ ಬೇಡವೋ ಎಂಬುದು ಆ ಹಾಳೆಯ ಮೇಲೆ ನಿಂತಿರುತ್ತಿತ್ತು. ತನಗೇನಾಗುತ್ತಿದೆ ಎಂದು ಆ ಮನುಷ್ಯನೇ ಹೇಳಿದ್ದನ್ನು ಬರೆಯಲು ಮಾತ್ರ ಅದರಲ್ಲಿ ಸ್ಥಳವಿರಲಿಲ್ಲ.

ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೆಯ ಕಡತಗಳನ್ನು ಒಪ್ಪವಾಗಿ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೆಂಪು ದಾರ ಕಟ್ಟಿದ, ಅಂಚು ಪುಡಿಪುಡಿಯಾದ ಕಾಗದಗಳು. ಬಟ್ಟೆ ಹರಿದುಕೊಳ್ಳುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಒಬ್ಬನೇ ನಗುತ್ತಾನೆ: ಇದು ಮೊದಲ ಜಾಗ. ರಾತ್ರಿ ಮನೆ ಬಿಟ್ಟು ಹೋಗುತ್ತಾಳೆಂದು ಅಣ್ಣ ಹೇಳುತ್ತಾನೆ, ಅಡುಗೆ ಮಾಡುವುದಿಲ್ಲವೆಂದು ಗಂಡ ಹೇಳುತ್ತಾನೆ: ಇದು ಎರಡನೆಯದು. ರೋಗಿಯ ಮಾತು ಎಲ್ಲಾದರೂ ದಾಖಲಾಗಿದ್ದರೆ ಅದು ಮೊದಲ ಜಾಗದಲ್ಲಿ, ವೈದ್ಯರು ಕಂಡ ಲಕ್ಷಣಗಳ ಸಾಲಿನಲ್ಲಿ. ಅಂದರೆ ಆತ ಬಾಯಿಬಿಟ್ಟು ಹೇಳಿದ್ದೆಲ್ಲ ಆತನ ವಿರುದ್ಧದ ಸಾಕ್ಷಿಯೇ. ಅಡುಗೆ ಮಾಡದ ಆ ಹೆಂಗಸಿಗೆ ಏಕೆ ಮಾಡಲಾಗುತ್ತಿರಲಿಲ್ಲ ಎಂದು ತಿಳಿಯಲು ನಾನು ಹಾಳೆಗಳನ್ನು ತಿರುವಿ ತಿರುವಿ ನೋಡಿದ್ದೇನೆ. ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಬರೆದಿರಲಿಲ್ಲ.

ನಾನು ಹೇಳಹೊರಟಿರುವುದು ಈ ಖಾಲಿ ಜಾಗದ ಚರಿತ್ರೆ. ನಮ್ಮ ಕಡೆಯ ಮನೋರೋಗ ಚಿಕಿತ್ಸೆಯ ಇತಿಹಾಸವನ್ನು ಕಟ್ಟಡ, ಔಷಧಿ, ದೊಡ್ಡ ವೈದ್ಯರ ಹೆಸರುಗಳ ಮೂಲಕ ಹೇಳುವುದು ರೂಢಿ. ಮನಸ್ಸಿನ ಸಂಕಟವನ್ನು ಯಾರು ಯಾರಿಗೆ ಹೇಳುತ್ತಿದ್ದರು, ಹೇಳಿದ್ದು ಎಲ್ಲಿಗೆ ಹೋಗುತ್ತಿತ್ತು ಎಂದು ಹಿಡಿದು ಹೊರಟರೆ ಅದೇ ಇತಿಹಾಸ ಬೇರೆಯೇ ಆಗಿ ಕಾಣುತ್ತದೆ.

ಧಾರವಾಡದ ಆಸ್ಪತ್ರೆ 1845ರದು. ಬೆಂಗಳೂರಿನದು ಅದಾಗಿ ಎರಡು ವರ್ಷಕ್ಕೆ, ಮೈಸೂರು ಕಮಿಷನ್ನಿನ ಸರ್ಜನ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಶುರು ಮಾಡಿದ್ದು. ಆಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿ, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿ. ಕನ್ನಡ ಮಾತಾಡುವ ರೋಗಿಗಳು ಹೀಗೆ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಬ್ರಿಟಿಷ್ ಭಾರತಕ್ಕೆ 1858ರಲ್ಲಿ ಬಂದ 36ನೇ ಕಾಯ್ದೆ, ಅಲೆದಾಡುತ್ತಿರುವ ಅಥವಾ ಅಪಾಯಕಾರಿ ಎನಿಸಿದ ಮನೋರೋಗಿಯನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂದಿತು. ಹೀಗಾಗಿ ನಮ್ಮಲ್ಲಿ ಮನಸ್ಸಿನ ಕಾಯಿಲೆಯ ಬಗ್ಗೆ ಸರ್ಕಾರಿ ಮನುಷ್ಯನೊಬ್ಬ ಕೇಳಿದ ಮೊದಲ ಪ್ರಶ್ನೆ ಪೊಲೀಸನ ಪ್ರಶ್ನೆ. ಇವನಿಂದ ಯಾರಿಗೆ ತೊಂದರೆ ಎಂಬುದೇ ಅದು. ಇವನಿಗೆ ಏನು ತೊಂದರೆ ಎಂಬುದು ಅವನ ಕರ್ತವ್ಯಕ್ಕೆ ಸೇರಿದ್ದಲ್ಲ. 1912ರ ಕಾಯ್ದೆಯಲ್ಲಿ ತಾವಾಗಿ ಬಂದು ಸೇರುವವರಿಗೂ ಒಂದು ದಾರಿಯಿತ್ತು, ನಿಜ. ಆದರೆ ಎತ್ತರದ ಗೋಡೆಯ ಆ ಹುಚ್ಚಾಸ್ಪತ್ರೆಗೆ ನಡೆದು ಬಂದು, ನನಗೆ ಹೀಗಾಗುತ್ತಿದೆ ಎಂದು ಹೇಳುವ ಧೈರ್ಯ ಎಷ್ಟು ಮಂದಿಗಿದ್ದೀತು? ಆ ಎರಡು ಜಾಗಗಳ ಕಾಯ್ದೆ 1993ರವರೆಗೆ ಜಾರಿಯಲ್ಲಿತ್ತು. 1987ರಲ್ಲಿ ಸಂಸತ್ತು ಹೊಸ ಕಾಯ್ದೆ ಒಪ್ಪಿದ ಮೇಲೂ ಅದು ಜಾರಿಗೆ ಬರಲು ಆರು ವರ್ಷ ಹಿಡಿಯಿತು.

ಕಾನೂನು ಹೀಗಿದ್ದರೂ ಆಸ್ಪತ್ರೆಯ ಒಳಗೆ ಒಂದು ಬದಲಾವಣೆ ಮೊದಲೇ ಶುರುವಾಗಿತ್ತು. ಬೆಂಗಳೂರಿನಲ್ಲಿ ಡಾ. ಫ್ರಾಂಕ್ ನೊರೊನ್ಹಾ ಅವರ ಕಾಲದಲ್ಲಿ, 1925ರಲ್ಲಿ, ಅಸೈಲಂ ಎಂಬ ಹೆಸರು ಹೋಗಿ ಮಾನಸಿಕ ಆಸ್ಪತ್ರೆಯಾಯಿತು. ಅವರ ನಂತರ ಬಂದ ಡಾ. ಎಂ.ವಿ. ಗೋವಿಂದಸ್ವಾಮಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅಡಾಲ್ಫ್ ಮೆಯರ್ ಅವರ ಬಳಿ ಕಲಿತು ಬಂದವರು. ರೋಗಕ್ಕೆ ಹೆಸರಿಡುವ ಮೊದಲು ಮನುಷ್ಯನ ಬದುಕನ್ನೆಲ್ಲ ಬರೆದುಕೊಳ್ಳಿ ಎಂಬುದು ಮೆಯರ್ ಶಿಷ್ಯರಿಗೆ ಕಲಿಸುತ್ತಿದ್ದ ಪಾಠ. ಎಲ್ಲಿ ಹುಟ್ಟಿದ, ತಾಯಿ ಯಾವಾಗ ಹೋದಳು, ಯಾವ ಕೆಲಸ ಮಾಡಿದ, ಯಾವ ವರ್ಷ ನಷ್ಟವಾಯಿತು, ಕಾಯಿಲೆ ಆ ಸಾಲಿನಲ್ಲಿ ಎಲ್ಲಿ ಬಂತು. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ‘ಹಿಸ್ಟರಿ ತೆಗೆಯುವುದು’ ಎಂದರೆ ಇದೇ ಪಾಠ, ಪುಟಗಟ್ಟಲೆ ಬರೆಯುವುದು. ಬಾಲ್ಯ, ಶಾಲೆ, ಮದುವೆ, ದುಡಿಮೆ, ಕುಡಿತ, ಸ್ವಭಾವ. ಈ ವಿಷಯದಲ್ಲಿ ಗೋವಿಂದಸ್ವಾಮಿಯವರಿಗೆ ನನ್ನ ವೃತ್ತಿಯವರೆಲ್ಲ ಋಣಿಗಳು. ಅದೇ ಆಸ್ಪತ್ರೆ 1940ರ ದಶಕದಲ್ಲಿ ಮಿದುಳಿನ ಮುಂಭಾಗದ ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನೂ ಮಾಡಿತು; ಆ ಕಾಲದಲ್ಲಿ ಜಗತ್ತಿನ ಹಲವೆಡೆ ವೈದ್ಯರು ಅದನ್ನು ನಂಬಿದ್ದರು. ಒಬ್ಬನ ಕಥೆಯನ್ನು ಕೂತು ಬರೆದುಕೊಂಡ ಕೈಯೇ ಅವನ ಮಾತನ್ನು ಶಾಶ್ವತವಾಗಿ ಮಂಕಾಗಿಸಲೂ ಬಹುದಿತ್ತು ಎಂಬುದನ್ನು ಮರೆತು ಈ ಚರಿತ್ರೆಯನ್ನು ಹೇಳಲು ನನಗೆ ಮನಸ್ಸು ಬರುವುದಿಲ್ಲ.

1954ರಲ್ಲಿ ಅದು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಯಿತು, 1974ರಲ್ಲಿ ನಿಮ್ಹಾನ್ಸ್. ಕಲಿಯಲು ಪಂಜಾಬಿನಿಂದ, ಬಂಗಾಳದಿಂದ, ಕೇರಳದಿಂದ ಯುವ ವೈದ್ಯರು ಬಂದರು. ರೋಗಿಗಳು ಮಾತ್ರ ಚನ್ನಪಟ್ಟಣದವರು, ಚಿಂತಾಮಣಿಯವರು, ಹೊಸೂರು, ಹಿಂದೂಪುರದವರು. ಹೊಸ ವೈದ್ಯರು ಕನ್ನಡ ಕಲಿಯುವವರೆಗೆ ನಡುವೆ ನಿಂತು ಮಾತು ದಾಟಿಸಿದವರು ವಾರ್ಡಿನ ಸಿಸ್ಟರ್‌ಗಳು, ಅಟೆಂಡರ್‌ಗಳು, ಆಯಾಗಳು. ವೈದ್ಯರು ಬೇರೆ ನಾಡಿನವರಾಗಿದ್ದ ಎಲ್ಲ ಆಸ್ಪತ್ರೆಗಳಲ್ಲೂ ಇದೇ ನಡೆಯಿತು. ಹೀಗೆ ಮಾತು ದಾಟಿಸಿದವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ತರಬೇತಿಯ ದಿನಗಳಲ್ಲಿ ನಾನೂ ಆ ಕೆಲಸ ಮಾಡಿದ್ದೇನೆ. ತಾಯಿಯೊಬ್ಬಳು ಸತ್ತ ಮಗುವಿನ ಅಂಗಿಯ ಬಣ್ಣದಿಂದ ಶುರು ಮಾಡಿ, ಅದಕ್ಕೆ ಜ್ವರ ಬಂದ ರಾತ್ರಿ, ಬಸ್ಸು ತಪ್ಪಿದ್ದು, ಗಂಡ ಆವತ್ತು ಊರಲ್ಲಿ ಇಲ್ಲದಿದ್ದದ್ದು ಎಲ್ಲ ಹೇಳಿ ಮುಗಿಸುತ್ತಾಳೆ. ಪೆನ್ನು ಹಿಡಿದು ಕಾಯುತ್ತಿರುವ ವೈದ್ಯರು ನಮ್ಮ ಮುಖ ನೋಡುತ್ತಾರೆ. ಹೊರಗೆ ಸಾಲು ಬೆಳೆದಿರುತ್ತದೆ. ಅನುಭವಸ್ಥ ಆಯಾ ಆದರೆ ಒಂದೇ ವಾಕ್ಯದಲ್ಲಿ ಮುಗಿಸುತ್ತಾಳೆ: “ಮಗು ಹೋದಾಗಿಂದ ನಿದ್ದೆ ಇಲ್ವಂತೆ ಸರ್.” ತಪ್ಪೇನೂ ಇಲ್ಲ ಅದರಲ್ಲಿ. ಆದರೆ ಆ ಬಸ್ಸು ಎಲ್ಲಿ ಹೋಯಿತು? ತಿಂಗಳುಗಟ್ಟಲೆ ಆ ತಾಯಿಯನ್ನು ಮಲಗಲು ಬಿಡದೆ ಕಾಡಿದ್ದು ತಪ್ಪಿಹೋದ ಬಸ್ಸು.

ಭಾಷೆ ದಾಟಿದ ಮೇಲೂ ಇನ್ನೊಂದು ಬಾಗಿಲಿತ್ತು, ಮನೆಯವರದು. ನಮ್ಮ ಮನೋವೈದ್ಯಕೀಯಕ್ಕೆ ಕುಟುಂಬವೇ ಬೆನ್ನೆಲುಬು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದು ಸುಳ್ಳಲ್ಲ. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಬೆಂಗಳೂರಿನಲ್ಲೂ ಮುಂದೆ ಕುಟುಂಬಗಳು ಒಟ್ಟಿಗೆ ಉಳಿಯುವ ವಾರ್ಡುಗಳು ಬಂದವು. ರೋಗಿಯನ್ನು ಬಿಟ್ಟುಹೋಗುವುದು ಕಡಿಮೆಯಾಯಿತು, ಮನೆಗೆ ಮರಳುವುದು ಸುಲಭವಾಯಿತು. ಇಷ್ಟೆಲ್ಲ ಲಾಭದ ಜೊತೆಗೇ ಕೇಸ್ ಶೀಟಿನ ಮೊದಲ ಸಾಲಿನಲ್ಲಿ ‘ಮಾಹಿತಿದಾರ’ ಎಂಬ ಇನ್ನೊಬ್ಬ ಮನುಷ್ಯ ಕಾಯಂ ಆಗಿ ಕೂತ. ಅವನು ಹೇಳಿದ್ದು ನಂಬಲರ್ಹವೇ, ಸಾಕಷ್ಟಿದೆಯೇ ಎಂದು ಬರೆಯಲು ನಮಗೆ ಕಲಿಸಿದರು. ಅವನು ಎದ್ದು ಹೊರಗೆ ಹೋದ ಮೇಲೆ ರೋಗಿ ಏನು ಹೇಳಿದಳು ಎಂಬುದಕ್ಕೆ ಹೊರರೋಗಿ ವಿಭಾಗದ ಆತುರದಲ್ಲಿ ಸಮಯ ಉಳಿಯುತ್ತಿದ್ದುದು ಅಪರೂಪ.

ಕೂಡ್ಲಿಗಿ ಕಡೆಯ ಒಬ್ಬ ಸೊಸೆ ನನ್ನ ನೆನಪಿನಲ್ಲಿದ್ದಾಳೆ. ಮೈದುನ ಕರೆತಂದಿದ್ದ. ಊಟ ಮಾಡಲ್ಲ, ಹೊಲಕ್ಕೆ ಬರಲ್ಲ, ಹಗಲೆಲ್ಲ ಮಲಗಿರ್ತಾಳೆ ಎಂದು ಎಲ್ಲವನ್ನೂ ಅವನೇ ಹೇಳಿದ. ಅವಳ ಹೆಸರು ಕೇಳಿದರೂ ಅವನೇ ಹೇಳಿದ. ಔಷಧಿ ಚೀಟಿ ಬರೆಸಿಕೊಂಡು ಬಾರಪ್ಪ ಎಂದು ಅವನನ್ನು ಕೌಂಟರಿಗೆ ಕಳಿಸಿ, ಬಾಗಿಲು ಮುಂದೆ ಮಾಡಿ ಅವಳ ಪಕ್ಕದಲ್ಲಿ ಕೂತೆ.

“ಏನಿಲ್ರಿ ಅಕ್ಕಾರ, ಮೈ ಎಲ್ಲಾ ಜಡ ಆಗೈತ್ರಿ,” ಅಂದಳು.

“ರಾತ್ರಿ ನಿದ್ದಿ ಹೆಂಗೈತವ್ವಾ?”

“ನಿದ್ದಿ ಎಲ್ಲೈತ್ರಿ. ಬಾಗಲ ಸಪ್ಪಳ ಆದ್ರ ಎದಿ ಹಾರತೈತ್ರಿ.”

ಯಾವ ಬಾಗಿಲು, ಯಾರ ಸಪ್ಪಳ ಎಂದು ನಾನು ಕೇಳಬೇಕಾಗಲಿಲ್ಲ. ಅವಳ ಕಣ್ಣು ಮೈದುನ ಹೋದ ಕಡೆಗಿತ್ತು. ಆ ದಿನ ಅವಳು ಹೇಳಿದ್ದು ಅಷ್ಟೇ. ಉಳಿದದ್ದನ್ನು ಹೇಳಲು ಮತ್ತೆ ಮತ್ತೆ ಬರಬೇಕಾಯಿತು, ಆಗೆಲ್ಲ ತವರಿನ ತಾಯಿ ಜೊತೆಗಿದ್ದಳು. ಮೈದುನನ ಹೇಳಿಕೆಯೊಂದನ್ನೇ ನೆಚ್ಚಿ ಬರೆದಿದ್ದರೆ ಅವಳ ಕೇಸ್ ಶೀಟು ಅಚ್ಚುಕಟ್ಟಾಗಿಯೇ ಇರುತ್ತಿತ್ತು.

ನಮ್ಮ ಜನಕ್ಕೆ ಮನಸ್ಸಿನ ಮಾತು ಹೇಳಲು ಬರುವುದಿಲ್ಲ, ಎಲ್ಲವನ್ನೂ ಮೈನೋವು ಮಾಡಿ ಹೇಳುತ್ತಾರೆ ಎಂಬ ಮಾತನ್ನು ನಾನು ವೈದ್ಯರ ಬಾಯಲ್ಲಿ ಬಹಳ ಕೇಳಿದ್ದೇನೆ. ಇದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ನನಗೆ ಸಿಕ್ಕ ಮೊದಲ ಆಧಾರ ಕೋಟದಿಂದ ಬಂತು.

ಕೋಟ ಎಂದರೆ ಶಿವರಾಮ ಕಾರಂತರ ಹುಟ್ಟೂರು, ಆಗಿನ ದಕ್ಷಿಣ ಕನ್ನಡ, ಈಗಿನ ಉಡುಪಿ ಜಿಲ್ಲೆ. ಎಡಿನ್‌ಬರೊದ ಪ್ರಾಧ್ಯಾಪಕ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಡಾ. ಆರ್.ಎಲ್. ಕಪೂರ್ ಅಲ್ಲಿಯ ಬ್ರಾಹ್ಮಣರು, ಬಂಟರು, ಮೊಗವೀರರ ನಡುವೆ ಮನೆ ಮನೆಗೆ ಹೋಗಿ ಮನಸ್ಸಿನ ಆರೋಗ್ಯದ ಅಧ್ಯಯನ ಮಾಡಿದರು. ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಅವರ ಪುಸ್ತಕ ಬಂದದ್ದು 1976ರಲ್ಲಿ. ಆ ಅಧ್ಯಯನಕ್ಕಾಗಿ ಕಪೂರ್, ಮಾಲವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಭಾರತದ ಹಳ್ಳಿಗೆ ಹೊಂದುವ ಪ್ರಶ್ನಾವಳಿಗಳನ್ನೇ ಹೊಸದಾಗಿ ಕಟ್ಟಿದರು. ಮೊದಲ ಹಂತದ ಪ್ರಶ್ನೆಗಳನ್ನು ಮನೋವೈದ್ಯರಲ್ಲದವರೂ ಕೇಳಬಹುದಿತ್ತು. ಸಂಶಯ ಬಂದಲ್ಲಿ ವೈದ್ಯರು ಮುಂದಿನ ಹಂತಕ್ಕೆ ಹೋಗುತ್ತಿದ್ದರು. ಜಗಲಿಯಲ್ಲಿ ಕೂತು, ಊರಿನ ಮಾತಿನಲ್ಲಿ, ಅವಸರವಿಲ್ಲದೆ ಕೇಳಿದಾಗ ಜನ ಹೇಳಿದರು.

ಅವರು ಇನ್ನೂ ಒಂದು ಸಂಗತಿ ಕಂಡುಕೊಂಡರು. ಸಂಕಟ ಬಂದಾಗ ಹೋಗಿ ಹೇಳಿಕೊಳ್ಳಲು ಕೋಟದ ಜನಕ್ಕೆ ಮೊದಲಿನಿಂದಲೂ ಜಾಗಗಳಿದ್ದವು. ವೈದ್ಯ ಅಂದರೆ ನಾಡಿ ಹಿಡಿದು ಕಷಾಯ ಕೊಡುವ ಪಂಡಿತ. ಮಂತ್ರವಾದಿ ಯಂತ್ರ ಕಟ್ಟುವವನು. ಪಾತ್ರಿಯ ಮೈಮೇಲೆ ದೈವ ಬಂದು ಮಾತಾಡುತ್ತದೆ. ಜನ ಒಬ್ಬರ ಬಳಿಗೆ ಮಾತ್ರ ಹೋಗುತ್ತಿರಲಿಲ್ಲ. ಪಾತ್ರಿಯನ್ನೂ ಕೇಳುತ್ತಿದ್ದರು, ಇಂಗ್ಲಿಷ್ ಔಷಧಿಯ ಡಾಕ್ಟರನ್ನೂ ನೋಡುತ್ತಿದ್ದರು. ಅದರಲ್ಲಿ ಅವರಿಗೆ ವಿರೋಧವೇ ಕಾಣುತ್ತಿರಲಿಲ್ಲ.

ನಮ್ಮ ಬಯಲುಸೀಮೆಯಲ್ಲೂ ಅಷ್ಟೇ. ಹರಿಹರದ ಕಡೆಯ ಉಕ್ಕಡಗಾತ್ರಿಗೆ, ಕರಿಬಸವೇಶ್ವರ ಅಜ್ಜಯ್ಯನ ಸನ್ನಿಧಿಗೆ, ಗಾಳಿ ಹಿಡಿದಿದೆ ಎಂದು ಕರೆತಂದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಮನೆಯಲ್ಲಿ ತಲೆ ಎತ್ತಿ ಮಾತಾಡದ ಹುಡುಗಿ ಅಲ್ಲಿ ಕೂದಲು ಬಿಚ್ಚಿ, ಮಾವನ ಹೆಸರು ಹಿಡಿದು, ನೀನು ನನಗೆ ಮಾಡಿದ್ದು ನೆನಪೈತೇನು ಎಂದು ಕೂಗುತ್ತಾಳೆ. ಸುತ್ತ ನಿಂತವರು ಕೈಮುಗಿದು ಕೇಳುತ್ತಾರೆ. ಅದು ಅವಳ ಮಾತಲ್ಲ, ಅವಳನ್ನು ಹಿಡಿದ ಗಾಳಿಯ ಮಾತು ಎಂದು ಎಲ್ಲರೂ ಒಪ್ಪಿರುವುದರಿಂದ ಅವಳಿಗೆ ಶಿಕ್ಷೆಯಿಲ್ಲ. ಇಂಥ ಜಾಗಗಳನ್ನು ನಾನು ವೈಭವೀಕರಿಸುವುದಿಲ್ಲ. ಸರಪಳಿ, ಹೊಡೆತ, ಉಪವಾಸದ ಗುರುತುಗಳಿರುವ ಮೈಗಳನ್ನು ಆಸ್ಪತ್ರೆಯಲ್ಲಿ ತೊಳೆದಿದ್ದೇನೆ. ಮಾತ್ರೆ ತಡವಾಗಿ ಸಿಕ್ಕಿ ಬದುಕಿನ ವರ್ಷಗಳನ್ನೇ ಕಳೆದುಕೊಂಡವರೂ ನನಗೆ ಗೊತ್ತು. ಆದರೆ ಹೇಳಲು ಬರುವುದಿಲ್ಲ ಎನ್ನುವವರು ಆ ಹುಡುಗಿಯ ಮಾತು ಒಮ್ಮೆ ಕೇಳಬೇಕು. ಅವಳು ಎಲ್ಲವನ್ನೂ ಹೇಳಿದಳು. ಹೇಳಿದ್ದಕ್ಕೆ ದಂಡ ಬೀಳದ ಜಾಗ ಸಿಕ್ಕಾಗ ಹೇಳಿದಳು.

ಎರಡನೆಯ ಆಧಾರ ಬೆಂಗಳೂರಿನ ಒಂದು ಸಂಶೋಧನೆ. ಆರ್. ರಘುರಾಮ್, ಮಿಚೆಲ್ ವೈಸ್, ಎಸ್.ಎಂ. ಚನ್ನಬಸವಣ್ಣ ಮೊದಲಾದವರು 80 ಮಂದಿ ಹೊರರೋಗಿಗಳನ್ನು ಕೂರಿಸಿಕೊಂಡು, ನಿಮ್ಮ ತೊಂದರೆಯನ್ನು ನೀವು ಏನೆಂದು ತಿಳಿದಿದ್ದೀರಿ, ಇದು ಊರವರಿಗೆ ಗೊತ್ತಾದರೆ ಏನಾದೀತು, ಮದುವೆಗೆ ಅಡ್ಡಿಯಾದೀತೇ ಎಂಬಂಥವನ್ನು ವಿಚಾರಿಸಿ ಬರೆದುಕೊಂಡರು. 1996ರಲ್ಲಿ ಅಚ್ಚಾದ ಆ ಲೇಖನ ತೋರಿಸಿಕೊಟ್ಟದ್ದು ಇದು: ಖಿನ್ನತೆಯ ಲಕ್ಷಣ ಹೆಚ್ಚಾದಷ್ಟೂ ಜನರಿಗೆ ಕಳಂಕದ ಅಳುಕು ಹೆಚ್ಚು. ಮೈನೋವು, ಉರಿ, ಸುಸ್ತಿನಂಥ ಲಕ್ಷಣ ಹೆಚ್ಚಿದ್ದವರಲ್ಲಿ ಆ ಅಳುಕು ಕಡಿಮೆ. ಯಾಕೆ ಎಂದು ಕೇಳಿದರೆ ಉತ್ತರ ಸರಳ. ತಲೆನೋವು ಎಲ್ಲರಿಗೂ ಬರುತ್ತದೆ. ಕಾಲು ಸೆಳೆತ ಎಂದು ಹೇಳಿದವಳನ್ನು ನೆರೆಮನೆಯವರು ಬೇರೆ ಕಣ್ಣಿನಿಂದ ನೋಡುವುದಿಲ್ಲ. ಬದುಕು ಬೇಡವೆನಿಸಿದೆ ಎಂದವಳ ತಂಗಿಯ ಮದುವೆ ನಿಂತೀತು.

ನಾನು ಇದನ್ನು ಓದಿದ್ದು ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ. ಓದಿದಾಗ, ಪ್ರತಿದಿನ ಬೆಂಚಿನ ಮೇಲೆ ಕಾಣುತ್ತಿದ್ದ ಮುಖಗಳೆಲ್ಲ ಆ ಪುಟಗಳಲ್ಲಿದ್ದವು. ಮೈನೋವು ಎಂದು ಬರುವವರು ಅಜ್ಞಾನಿಗಳಲ್ಲ, ಲೆಕ್ಕ ತಿಳಿದವರು. ಎದುರಿಗಿರುವ ಈ ಡಾಕ್ಟರು ಎಂಥವರು, ಪಕ್ಕದಲ್ಲಿ ನಿಂತಿರುವ ಅತ್ತೆ ಏನು ಕೇಳಿಸಿಕೊಳ್ಳುತ್ತಾಳೆ ಎಂದು ಅಳೆದು, ಅಪಾಯವಿಲ್ಲದ ಮಾತನ್ನು ಮೊದಲು ಮುಂದಿಡುತ್ತಾರೆ. ನೋವು ಸುಳ್ಳಲ್ಲ, ಅದೂ ಇರುತ್ತದೆ. ಆ ಮಾತಿಗೆ ಮರ್ಯಾದೆ ಸಿಕ್ಕರೆ ಎರಡನೆಯ ಮಾತು ಬರುತ್ತದೆ. ಸ್ಕ್ಯಾನ್ ನಾರ್ಮಲ್ ಇದೆ, ನಿಮಗೇನೂ ಇಲ್ಲ ಎಂದು ಕಳಿಸಿದರೆ ಬರುವುದಿಲ್ಲ.

ಇದನ್ನು ಚೆನ್ನಾಗಿ ಅರಿತು ಕೆಲಸ ಮಾಡಿದವರು ದೊಡ್ಡ ಆಸ್ಪತ್ರೆಯ ಹೊರಗೆ ಇದ್ದರು. ಕೋಟದ ಅನುಭವ ಹೊತ್ತು ಬಂದ ಕಪೂರ್ 1970ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯಕೀಯ ವಿಭಾಗ ನಡೆಸತೊಡಗಿದರು. ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ಶುರುವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆ ಮನೆ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸಿದರೆ ಸಾಕು ಎಂಬ ವಿಚಾರ ಅಲ್ಲಿ ಬಲಿಯಿತು. 1985ರಲ್ಲಿ ಅದನ್ನು ಇಡೀ ಬಳ್ಳಾರಿ ಜಿಲ್ಲೆಗೆ ಹಚ್ಚಿ ನೋಡಿದರು. ಆಗಿನ ಬಳ್ಳಾರಿ ಎಂದರೆ ಸಿರುಗುಪ್ಪದಿಂದ ಹಡಗಲಿಯವರೆಗೆ, ಈಗಿನ ವಿಜಯನಗರ ಜಿಲ್ಲೆಯೂ ಅದರೊಳಗೇ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಬಳ್ಳಾರಿ.

ದಿಲ್ಲಿಯ ವರದಿಗಳಲ್ಲಿ ಬಳ್ಳಾರಿ ಮಾದರಿ ಎಂದರೆ ತರಬೇತಿ, ಔಷಧಿ ಪಟ್ಟಿ, ದಾಖಲೆ ಪುಸ್ತಕ. ಆ ಕಾಲದಲ್ಲಿ ಊರೂರು ಸುತ್ತಿದ ಹಿರಿಯ ಆರೋಗ್ಯ ಸಹಾಯಕಿ (ಎಎನ್‌ಎಂ) ಒಬ್ಬರಿಂದ ನಾನು ಕಲಿತದ್ದು ಬೇರೆ. ಅವರು ಯಾವ ಮನೆಗೂ ಮಾನಸಿಕ ಕಾಯಿಲೆ ಕೇಳಲು ಹೋಗುತ್ತಿರಲಿಲ್ಲ. ಕೂಸಿನ ಸೂಜಿಗೆ, ಬಸುರಿಯ ಗುಳಿಗೆಗೆ ಹೋಗುತ್ತಿದ್ದರು. ಹಿತ್ತಲಲ್ಲಿ ಹೆಂಗಸು ಒಬ್ಬಳೇ ಸಿಕ್ಕಾಗ ನಿದ್ದೆಯಿಂದ ಶುರು. ನಿದ್ದೆಯ ಮಾತಿಗೆ ಯಾರಿಗೂ ನಾಚಿಕೆಯಿಲ್ಲ. ನಿದ್ದೆ ಬರದಿದ್ದರೆ ಎಷ್ಟೊತ್ತಿಗೆ ಎಚ್ಚರ, ಎಚ್ಚರಾದಾಗ ಏನು ನೆನಪಾಗುತ್ತದೆ. ಊಟ ರುಚಿಸುತ್ತದೆಯೇ, ಮೊದಲಿನ ಹಾಗೆ ಹಬ್ಬಕ್ಕೆ ಮನೆ ಸಾರಿಸಲು ಮನಸ್ಸಾಗುತ್ತದೆಯೇ. ಕಡೆಗೆ, ದನಿ ತಗ್ಗಿಸಿ, “ಯವ್ವಾ, ಸಾಕಪ್ಪಾ ಈ ಜೀವ ಅನಸತೈತೇನು?” ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂದು ಹೆದರುವವರು ಇವತ್ತಿಗೂ ಇದ್ದಾರೆ. ಹುಟ್ಟಿಸುವುದಿಲ್ಲ. ಕೇಳಿದವರ ಮುಂದೆ ಹೆಚ್ಚಿನವರು ಉಸಿರು ಬಿಟ್ಟು ಹೌದು ಎಂದಿದ್ದಾರೆ.

ಓದು ಬರಹ ಬಲ್ಲವರ ಕಥೆ ಇನ್ನೊಂದು ದಾರಿಯಲ್ಲಿ ನಡೆಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಷ್ಟು ಹಿಂದೆಯೇ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಃಶಾಸ್ತ್ರ ವಿಭಾಗವಿತ್ತು.  ಅದೇ ಮೈಸೂರಿನಲ್ಲಿ ಮನಃಶಾಸ್ತ್ರ ಓದಿದ ತ್ರಿವೇಣಿ ಕಾದಂಬರಿ ಬರೆದರು. ಮದುವೆಯಾದ, ಹೆತ್ತ, ಅಂಜಿದ, ಆಸೆಪಟ್ಟ ಹೆಂಗಸಿನ ಮನಸ್ಸಿಗೂ ಕಾಯಿಲೆ ಬರಬಹುದು, ಅದಕ್ಕೆ ಕಾರಣವಿರಬಹುದು, ಅದು ವಾಸಿಯಾಗಬಹುದು ಎಂಬುದನ್ನು ನನ್ನ ತಾಯಿಯ ತಲೆಮಾರಿನ ಹೆಂಗಸರು ತಿಳಿದದ್ದು ಅವರ ಪುಸ್ತಕಗಳಿಂದ. 1963ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ತ್ರಿವೇಣಿ ತೀರಿಕೊಂಡರು. ಅವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ಚಿತ್ರವಾಗಿ ತೆಗೆದರು. ಅದರಲ್ಲಿ ನನ್ನನ್ನು ಬಿಡದೆ ಕಾಡುವುದು ನಾಯಕಿ ಕಾವೇರಿಯ ಕಾಯಿಲೆಗಿಂತ ಅವಳು ಗುಣವಾಗಿ ಮನೆಗೆ ಬಂದ ನಂತರದ ಭಾಗ. ಅವಳು ನಕ್ಕರೂ, ಕೋಪಗೊಂಡರೂ, ಗಂಡನನ್ನು ಪ್ರಶ್ನಿಸಿದರೂ ಮನೆಯವರ ಕಣ್ಣಿಗೆ ಅದು ಹಳೆಯ ಕಾಯಿಲೆಯೇ. ಒಮ್ಮೆ ಆಸ್ಪತ್ರೆಗೆ ಹೋಗಿ ಬಂದವಳು ಹೇಳುವ ನಿಜಕ್ಕೆ ಬೆಲೆಯಿಲ್ಲದೆ ಹೋಗುವುದು. ಕೆಂಪು ದಾರದ ಕಡತಗಳಲ್ಲಿ ನಾನು ಕಂಡದ್ದನ್ನೇ ನಟಿ ಕಲ್ಪನಾ ತೆರೆಯ ಮೇಲೆ ಅಭಿನಯಿಸಿ ತೋರಿಸಿದರು. ಕರ್ನಾಟಕದಲ್ಲಿ ಲಕ್ಷಾಂತರ ಜನ ಅದನ್ನು ನೋಡಿ ಅತ್ತರು.

‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ, ಅಂದರೆ ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ, ‘ಮನಮಂಥನ’ ಬರೆದು ಮನೋರೋಗಗಳನ್ನು ಕನ್ನಡದಲ್ಲಿ ವಿವರಿಸಿದರು. 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂತೂ ನೂರಕ್ಕೂ ಹೆಚ್ಚು ಪುಸ್ತಕ ಬರೆದಿದ್ದಾರೆ. ನಮ್ಮ ಕ್ಲಿನಿಕ್ಕಿಗೆ ಅವರ ತೆಳುವಾದ ಪುಸ್ತಕವೊಂದರ ಪುಟ ಮಡಚಿ ತಂದು, ಇಲ್ಲಿ ಬರೆದದ್ದು ನನಗೆ ಆಗಿರುವುದೇ ಎಂದು ಬೆರಳಿಟ್ಟು ತೋರಿಸಿದವರನ್ನು ನೋಡಿದ್ದೇನೆ. ವಾರಪತ್ರಿಕೆಗಳ ಪ್ರಶ್ನೋತ್ತರ ಪುಟಗಳೂ ಹಾಗೆಯೇ. ಹೆಸರು, ಊರು ಬೇಡ ಎಂದು ಕೇಳಿಕೊಂಡು ಬರೆದ ಆ ಪತ್ರಗಳಲ್ಲಿ, ಎಷ್ಟೋ ಜನ ತಮ್ಮ ಸಂಕಟವನ್ನು ಬದುಕಿನಲ್ಲಿ ಮೊದಲ ಬಾರಿ ವಾಕ್ಯವಾಗಿ ಕಟ್ಟಿದರು.

ಕಾನೂನು ಕೊನೆಗೆ ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ರೋಗಿ ಹೇಳಿದ್ದನ್ನು ಗುಟ್ಟಾಗಿಡಬೇಕು, ಚಿಕಿತ್ಸೆಯ ವಿವರವನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು, ತನ್ನ ವೈದ್ಯಕೀಯ ದಾಖಲೆ ನೋಡುವ ಹಕ್ಕು ಆಕೆಗಿದೆ ಎಂದು ಅದು ಹೇಳುತ್ತದೆ. ಮುಂದೆ ಕಾಯಿಲೆ ಮರುಕಳಿಸಿದರೆ ನನಗೆ ಹೀಗೆ ಚಿಕಿತ್ಸೆ ಕೊಡಿ, ಹೀಗೆ ಕೊಡಬೇಡಿ ಎಂದು ಮೊದಲೇ ಬರೆದಿಡಬಹುದು. ತಾವಾಗಿ ದಾಖಲಾಗುವವರು ತಾವೇ ಅರ್ಜಿ ಕೊಡುತ್ತಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂಬುದೂ ಅದರಲ್ಲಿದೆ. ಇದರಿಂದ ಆದ ಬದಲಾವಣೆ ದೊಡ್ಡದು. ಮೊದಲೆಲ್ಲ ವಿಷ ಕುಡಿದು ಬದುಕುಳಿದವರು ಪೊಲೀಸ್ ಕೇಸಿನ ಭಯಕ್ಕೆ ‘ಔಷಧಿ ಅಂತ ತಿಳಿದು ಕುಡಿದೆ’ ಎಂದೇ ಹೇಳುತ್ತಿದ್ದರು. ಮನೆಯವರೂ ಅದನ್ನೇ ಹೇಳಿಸುತ್ತಿದ್ದರು. ಹಾಗೆ ಹೇಳಿದ ಮೇಲೆ ಅವರ ದುಃಖದ ಬಗ್ಗೆ ಕೇಳಲು ಯಾರಿಗೂ ದಾರಿಯಿರುತ್ತಿರಲಿಲ್ಲ.

2014ರಿಂದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುತ್ತಿದ್ದಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ. ಎದುರಿಗೆ ಮುಖವಿಲ್ಲದಿರುವುದು ಕೆಲವರಿಗೆ ಎಷ್ಟು ಅನುಕೂಲ ಎಂಬುದನ್ನು ಪತ್ರಿಕೆಗಳಿಗೆ ಅನಾಮಧೇಯವಾಗಿ ಬರೆದವರ ತಲೆಮಾರು ಬಲ್ಲದು. ಆದರೆ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಮಂಗಳವಾರದ ಕೋಣೆಗೆ ಬಾಗಿಲು ಹಾಕಿಕೊಳ್ಳುವ ಏರ್ಪಾಡಿಲ್ಲ. ಒಬ್ಬರು ಮಾತಾಡುವಾಗ ಮುಂದಿನ ಟೋಕನ್ನಿನವರು ಹಿಂದೆಯೇ ನಿಂತಿರುತ್ತಾರೆ. ಒಂದು ಪರದೆ, ಎರಡು ಕುರ್ಚಿ, ಹತ್ತು ನಿಮಿಷ. ಇಷ್ಟಕ್ಕಾಗಿ ನಾನು ಸರ್ವಿಸ್ಸಿನಲ್ಲಿದ್ದಾಗ ಬರೆದ ಅರ್ಜಿಗಳನ್ನು ನಿವೃತ್ತಳಾದ ಮೇಲೂ ಬರೆಯುತ್ತಿದ್ದೇನೆ.

ಮೊದಲ ಸಲ ಮನೋವೈದ್ಯರನ್ನು ಕಾಣಲು ಹೊರಟವರು, ಹೋಗಿ ಏನು ಹೇಳಬೇಕು ಎಂದು ನನ್ನನ್ನು ಕೇಳುತ್ತಾರೆ. ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ ಎನ್ನುತ್ತೇನೆ. ಯಾವ ತಿಂಗಳಿನಿಂದ, ಅದಕ್ಕೆ ಸ್ವಲ್ಪ ಮುಂಚೆ ಮನೆಯಲ್ಲಿ ಏನಾಗಿತ್ತು. ನಿದ್ದೆ, ಊಟ, ಕೆಲಸ ಮೊದಲು ಹೇಗಿತ್ತು, ಈಗ ಹೇಗಿದೆ. ತೆಗೆದುಕೊಂಡ ಮಾತ್ರೆಗಳ ಹೆಸರು, ನಡುವೆ ಬಿಟ್ಟಿದ್ದರೆ ಬಿಟ್ಟದ್ದು, ಕುಡಿಯುವುದಿದ್ದರೆ ಅದೂ. ದೇವರ ಹತ್ತಿರ ಕೇಳಿಸಿ ಬಂದಿದ್ದರೆ ಮುಚ್ಚಿಡಬೇಡಿ. ಸಾಯುವ ಯೋಚನೆ ಬಂದಿದ್ದರೆ ಅದನ್ನು ಮೊದಲ ಸಾಲಿಗೇ ಬರೆಯಿರಿ, ಕೊನೆಗೆಂದು ಉಳಿಸಿದರೆ ಹೇಳದೆಯೇ ಎದ್ದು ಬರುತ್ತೀರಿ. ಬಾಯಿ ಕಟ್ಟಿದರೆ ಹಾಳೆಯನ್ನೇ ಅವರ ಕೈಗೆ ಕೊಡಿ. ನಾನು ಸ್ವಲ್ಪ ಹೊತ್ತು ಒಬ್ಬಳೇ ಮಾತಾಡಬೇಕು, ಒಬ್ಬನೇ ಮಾತಾಡಬೇಕು ಎಂದು ಕೇಳುವುದು ನಿಮ್ಮ ಹಕ್ಕು, ಮನೆಯವರಿಗೆ ಮಾಡುವ ಅವಮಾನವಲ್ಲ.

ಕಳೆದ ವರ್ಷ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಹಾಗೆ ಬರೆದುಕೊಂಡು ಹೋದರು. ಹೆಂಡತಿ ತೀರಿಕೊಂಡ ಮೇಲಿನ ಎದೆಯುರಿಗೆ ಅವರು ಹೃದಯದ ಪರೀಕ್ಷೆಗಳನ್ನೆಲ್ಲ ಮಾಡಿಸಿ ಮುಗಿಸಿದ್ದರು. ಹಾಳೆಯ ಎರಡೂ ಬದಿ ತುಂಬಿತ್ತು, ಮೇಷ್ಟ್ರ ಅಕ್ಷರ, ತಾರೀಖುಗಳ ಸಮೇತ. ಮನೋವೈದ್ಯೆ, ಇನ್ನೂ ಚಿಕ್ಕ ಹುಡುಗಿ, ಅದನ್ನು ಪೂರ್ತಿ ಓದಿದಳು. ಕೇಸ್ ಶೀಟಿಗೆ ಪಿನ್ ಮಾಡಿಸಿದಳು. ಮಗ ಅಷ್ಟು ಹೊತ್ತೂ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಅವನನ್ನು ಆಮೇಲೆ, ತಂದೆಯ ಒಪ್ಪಿಗೆ ಕೇಳಿ, ಒಳಗೆ ಕರೆದಳು.